ತಲಪಾಡಿ ದಾಟಿದ ಮೇಲಿನ ಕನ್ನಡ: ಬಸ್ಸು, ಬೋರ್ಡು, ಪಂಚಾಯತು

(ಹಲವರು ಸೇರಿ ಬರೆದ ಚರ್ಚೆ ಇದು. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಗಡಿಕಲ್ಲು:

ಮಂಗಳೂರಿನಿಂದ ಕಾಸರಗೋಡಿಗೆ ರಸ್ತೆಯಲ್ಲಿ ಸುಮಾರು 50 ಕಿ.ಮೀ. ನೇತ್ರಾವತಿ ಸೇತುವೆ, ಕರ್ನಾಟಕ ಕೇರಳ ಗಡಿಯ ತಲಪಾಡಿ, ಆಮೇಲೆ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು ಹೊಳೆಗಳು ಒಂದರ ಹಿಂದೆ ಒಂದು. ಬಸ್ಸಿನೊಳಗೆ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತದೆ. ಮಾತು ಗಡಿಯಲ್ಲಿ ತುಂಡಾಗುವುದಿಲ್ಲ. ತುಂಡಾಗುವುದು ಬರಹ. ತಲಪಾಡಿ ಆಚೆ ಊರಿನ ಹೆಸರು, ಕಚೇರಿಯ ಅರ್ಜಿ, ಶಾಲೆಯ ಸುತ್ತೋಲೆ ಎಲ್ಲ ಬೇರೆ ಲಿಪಿಗೆ ಹೋಗುತ್ತದೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. 1956ರ ನವೆಂಬರ್ 1ರಂದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಯಾಗಲಿಲ್ಲ. 1984ರ ಮೇ 24ಕ್ಕೆ ಕಾಸರಗೋಡು ಕೇರಳದ ಜಿಲ್ಲೆಯೇ ಆಯಿತು.

ಆ ದೊಡ್ಡ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಉತ್ತರ ಬರಲಿ ಎಂದು ಕಾಯುತ್ತಾ ದಿನನಿತ್ಯದ ಸಣ್ಣ ಹಕ್ಕುಗಳನ್ನು ಬಳಸದೆ ಬಿಟ್ಟದ್ದೇ ನಮಗೆ ಹೆಚ್ಚು ನಷ್ಟ ಎಂದು ನನ್ನ ಅಭಿಪ್ರಾಯ. ಮನವಿಗಳು ಮುಖ್ಯಮಂತ್ರಿಗೆ ಹೋಗುತ್ತವೆ, ಬೋರ್ಡು ಬರೆಸುವ ಇಂಜಿನಿಯರಿಗೆ ಹೋಗುವುದಿಲ್ಲ. ಬೋರ್ಡು, ಪ್ರಯಾಣ, ಶಾಲೆ, ಮತದಾನ, ಕಚೇರಿ ಪತ್ರ ಇವುಗಳಲ್ಲಿ ಯಾವ ನಿಯಮ ಉಂಟು, ಯಾವ ಬಾಗಿಲು ತಟ್ಟಬೇಕು, ಎಲ್ಲಿ ಕೆಲಸ ಕೆಡುತ್ತದೆ ಎಂದು ಗೊತ್ತಿದ್ದವರು ಬರೆಯಬೇಕು. ಅನುಭವದ ಕಥೆ ಬೇಡ, ವಿಷಯ ಬೇಕು.

ಪದವಿನ ದಾರಿ:

ಹೆಸರಿನಿಂದ ಶುರು ಮಾಡುತ್ತೇನೆ. ಅಲ್ಲಿ ಕೋಪ ಹೆಚ್ಚು, ತಿಳಿವಳಿಕೆ ಕಡಿಮೆ. ಊರಿನ ಹೆಸರು ಮೂರು ಬಗೆಯಲ್ಲಿ ಬದಲಾಗುತ್ತದೆ. ಮೂರಕ್ಕೂ ಒಂದೇ ಮದ್ದು ಆಗುವುದಿಲ್ಲ.

ಮೊದಲನೆಯದು ಬರೀ ಉಚ್ಚಾರ. ಕನ್ನಡದ ಕೊನೆಯ ‘ಉ’ ಮಲಯಾಳದಲ್ಲಿ ಅರ್ಧ ಸ್ವರವಾಗುತ್ತದೆ ಅಥವಾ ಬಿದ್ದೇ ಹೋಗುತ್ತದೆ. ಮಧೂರು ಮಧೂರ್, ಕಾಸರಗೋಡು ಕಾಸರ್‌ಗೋಡ್. ಕೊನೆಯ ‘ಅ’ ಇರುವಲ್ಲಿ ‘ಅಂ’ ಸೇರುತ್ತದೆ: ಮಂಜೇಶ್ವರ ಮಂಜೇಶ್ವರಂ. ಕುಂಬಳೆಯ ‘ಎ’ ಹೋಗಿ ಕುಂಬಳ ಆಗುತ್ತದೆ. ಕನ್ನಡದವರು ತಿರುವನಂತಪುರಂ ಅನ್ನು ತಿರುವನಂತಪುರ ಅನ್ನುವುದೂ ಇದೇ ಜಾತಿಯದ್ದು. ಇದರಲ್ಲಿ ತಪ್ಪು ಹುಡುಕಬಾರದು.

ಎರಡನೆಯದರಲ್ಲಿ ಅರ್ಥ ಮುಚ್ಚಿಹೋಗುತ್ತದೆ. ಬದಿಯಡ್ಕ ಬದಿಯಡುಕ್ಕ, ಉಕ್ಕಿನಡ್ಕ ಉಕ್ಕಿನಡುಕ್ಕ. ‘ಅಡ್ಕ’ ಅಂದರೆ ಬೇಸಾಯವಿಲ್ಲದ ಒಣ ಬಯಲು. ಪದವು, ಬೈಲು, ಕಟ್ಟೆ, ಮೂಲೆ ಹಾಗೆ ಅದೂ ನೆಲದ ಗುಣ ಹೇಳುವ ಶಬ್ದ. ‘ಅಡುಕ್ಕ’ ಎಂದು ಬರೆದರೆ ನೆಲದ ಆ ಗುರುತು ಹೋಗುತ್ತದೆ.

ಮೂರನೆಯದು ಅನುವಾದ. ಹೊಸದುರ್ಗ ಪುದಿಯಕೋಟ ಆಗುವುದು ಉಚ್ಚಾರವಲ್ಲ, ‘ಹೊಸ’ಕ್ಕೆ ‘ಪುದಿಯ’, ‘ದುರ್ಗ’ಕ್ಕೆ ‘ಕೋಟ’. ನೆಲ್ಲಿಕುಂಜ ನೆಲ್ಲಿಕುನ್ನ್ ಆಗುವಲ್ಲೂ ಮಲಯಾಳದ ‘ಕುನ್ನ್’, ಅಂದರೆ ಗುಡ್ಡ, ಬಂದು ಕೂತಿದೆ.

2021ರ ಜೂನಿನಲ್ಲಿ ಹೆಸರು ಬದಲಾವಣೆಯ ಸುದ್ದಿ ಎದ್ದಾಗ ಅಂಥ ನಿರ್ಧಾರ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಬದಲಾವಣೆಗೆ ಆದೇಶವೇ ಬೇಕೆಂದಿಲ್ಲ. ಬೋರ್ಡು ಬರೆಯುವವನ ಕೈಗೆ ಮಲಯಾಳ ಪಟ್ಟಿ ಮಾತ್ರ ಕೊಟ್ಟರೆ, ಅವನು ಅದನ್ನು ನೋಡಿಯೇ ಇಂಗ್ಲಿಷ್ ಬರೆಯುತ್ತಾನೆ, ಇಂಗ್ಲಿಷ್ ನೋಡಿ ಇನ್ನೊಬ್ಬ ಕನ್ನಡ ಬರೆಯುತ್ತಾನೆ. ಹೀಗೆ ಸುತ್ತಿ ಬಂದ ಕನ್ನಡದಲ್ಲಿ ಊರಿನವರಿಗೇ ಗುರುತಾಗದ ಹೆಸರು ಇರುತ್ತದೆ. ಹಾಗಾಗಿ ಬೋರ್ಡು ಕೇಳುವ ಮೊದಲು ಪಂಚಾಯತಿನ ಎಲ್ಲ ಊರು, ಬಸ್‌ ನಿಲ್ದಾಣ, ಹೊಳೆ, ಶಾಲೆಗಳ ಕನ್ನಡ ಹೆಸರಿನ ಶುದ್ಧ ಪಟ್ಟಿ ಒಂದು ತಯಾರಿರಬೇಕು. ಹಳೆ ಜಮೀನು ದಾಖಲೆ, ಹಳೆ ಶಾಲೆಗಳ ಹಾಜರಿ ಪುಸ್ತಕ, ದೇವಸ್ಥಾನ ಮಸೀದಿಗಳ ಹಳೆ ಕರೆಯೋಲೆ, ಇವು ಮೂರು ಒಳ್ಳೆ ಆಧಾರ.

ಮೊಗ್ರಾಲು ಕರೆ:

ಪದವಿನವರು ಹೇಳಿದ್ದು ಒಪ್ಪಿದೆ, ಒಂದು ಸೇರಿಸಬೇಕು. ಮನೆಮಾತು ಮಲಯಾಳವೋ ಬ್ಯಾರಿಯೋ ಆಗಿ, ಕನ್ನಡ ಶಾಲೆಯಲ್ಲಿ ಕಲಿತವರು ಕುಂಬಳೆ, ಉಪ್ಪಳದ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರ ಮಟ್ಟಿಗೆ ಎರಡು ಹೆಸರೂ ಊರಿನವೇ. ಚಂದ್ರಗಿರಿಯ ತೆಂಕಿನಲ್ಲಿ ಪುದಿಯಕೋಟ ಎಂದೇ ಕರೆಯುವ ಹಳಬರೂ ಇದ್ದಾರೆ. ಒಂದನ್ನು ಅಳಿಸಿ ಇನ್ನೊಂದು ಬರೆಯಿರಿ ಎಂದು ಕೇಳಬೇಡಿ, ಎರಡೂ ಇರಲಿ ಎಂದು ಕೇಳಿ. ಹಾಗೆ ಕೇಳಿದರೆ ಸಹಿ ಹಾಕುವ ಕೈ ಹೆಚ್ಚುತ್ತದೆ.

ಗಡಿಕಲ್ಲು:

ಸರಿಯಾದ ಮಾತು. ಪಟ್ಟಿಯಲ್ಲಿ ಕನ್ನಡ, ಮಲಯಾಳ ಎರಡಕ್ಕೂ ಸಾಲು ಇರಲಿ. ಬೋರ್ಡು ಹಾಕಿಸುವ ಕ್ರಮ ಯಾರಿಗಾದರೂ ಗೊತ್ತುಂಟಾ?

ಡಾಮರು:

ಮೊದಲು ರಸ್ತೆ ಯಾರದ್ದೆಂದು ನೋಡಿ. ನೂರು ಮನವಿಯಲ್ಲಿ ಹೆಚ್ಚಿನವು ಬೀಳುವುದು ಇಲ್ಲಿಯೇ.

ರಾಷ್ಟ್ರೀಯ ಹೆದ್ದಾರಿ 66 ಅಂದರೆ ಹೆದ್ದಾರಿ ಪ್ರಾಧಿಕಾರದ ಕೆಲಸ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥದ ಭಾಗ ಒಂದು ಗುತ್ತಿಗೆಯಡಿ ಬರುತ್ತದೆ. ಅದರ ಮೇಲಿನ ದೊಡ್ಡ ದಾರಿಸೂಚಿಗೆ ಪಂಚಾಯತು ಕೈ ಹಾಕಲು ಬರುವುದಿಲ್ಲ. ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆಯಬೇಕು. ಬದಿಯಡ್ಕ, ಪೆರ್ಲ ಕಡೆಯ ದೊಡ್ಡ ರಸ್ತೆ, ನಂದಾರಪದವಿನಿಂದ ಶುರುವಾಗುವ ಮಲೆನಾಡ ಹೆದ್ದಾರಿ, ಇವು ರಾಜ್ಯದ ಲೋಕೋಪಯೋಗಿ ಇಲಾಖೆಯವು. ಅಲ್ಲಿಗೆ ಕಾರ್ಯನಿರ್ವಾಹಕ ಇಂಜಿನಿಯರು. ಒಳರಸ್ತೆ ಪಂಚಾಯತಿನದ್ದು, ಅದಕ್ಕೆ ಪಂಚಾಯತು ಕಾರ್ಯದರ್ಶಿ. ಬಸ್ ತಂಗುದಾಣವನ್ನು ಶಾಸಕರ ನಿಧಿಯಿಂದ ಕಟ್ಟಿದ್ದರೂ ಹೆಸರು ಬರೆಸುವುದು ಪಂಚಾಯತಿನ ತೀರ್ಮಾನ.

ರಸ್ತೆ ಫಲಕಗಳ ಅಳತೆ, ಬಣ್ಣ, ಅಕ್ಷರದ ಎತ್ತರಕ್ಕೆ ಭಾರತೀಯ ರಸ್ತೆ ಕಾಂಗ್ರೆಸಿನ 67ನೇ ಸಂಹಿತೆ ಉಂಟು. ವೇಗದಲ್ಲಿ ಹೋಗುವವನಿಗೆ ಓದಲು ಆಗಬೇಕೆಂದು ಒಂದು ಫಲಕದಲ್ಲಿ ಭಾಷೆ ಹೆಚ್ಚಾಗುವುದನ್ನು ಇಂಜಿನಿಯರುಗಳು ಒಪ್ಪುವುದಿಲ್ಲ. ಮಲಯಾಳ, ಇಂಗ್ಲಿಷ್, ಹಿಂದಿ ತುಂಬಿದ ಫಲಕಕ್ಕೆ ಕನ್ನಡ ಸೇರಿಸಿ ಎಂದರೆ ‘ಜಾಗ ಇಲ್ಲ’ ಎಂದೇ ಉತ್ತರ. ಹಾಗಾಗಿ ಮೇಲೆ ತೂಗುವ ಫಲಕವನ್ನು ಬಿಟ್ಟು, ಊರಿನ ಪ್ರವೇಶದಲ್ಲಿ ಹೆಸರು ಮಾತ್ರ ಇರುವ ಫಲಕ, ಸರ್ವಿಸ್ ರಸ್ತೆಯ ಫಲಕ, ಅಂಡರ್‌ಪಾಸಿನ ಬಾಯಿಯ ಫಲಕ ಇವುಗಳಿಗೆ ಕೇಳಿ. ಅಲ್ಲಿ ಗಾಡಿ ನಿಧಾನ, ಹೆಸರೂ ಒಂದೇ, ಜಾಗ ಸಾಕಾಗುತ್ತದೆ.

ಅರ್ಜಿಯಲ್ಲಿ ಕಿಲೋಮೀಟರು ಕಲ್ಲಿನ ಸಂಖ್ಯೆ, ಎಡಬದಿಯೋ ಬಲಬದಿಯೋ, ಈಗಿನ ಫಲಕದ ಫೋಟೋ, ಬೇಕಾದ ಬರಹ ದೊಡ್ಡ ಅಕ್ಷರದಲ್ಲಿ, ಇಷ್ಟು ಇರಬೇಕು. ಬರಹ ಮುದ್ರಿಸಿದ ಕಾಗದ ಕೊಟ್ಟರೆ ಸಾಲದು, ಅಕ್ಷರಗಳನ್ನು ಚಿತ್ರವಾಗಿ ಬದಲಿಸಿದ ಕಡತವನ್ನೂ ಕೊಡಿ. ಕನ್ನಡ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ‘ಉಪ್‌ಪಳ’ ಎಂದು ಮುದ್ರಣವಾಗುವುದು ಈ ಕಾರಣಕ್ಕೆ.

ಸೀಸನ್ ಟಿಕೇಟು:

ಪ್ರಯಾಣದ ಬಗ್ಗೆ ಒಂದಿಷ್ಟು. ದಿನಾ ಮಂಗಳೂರಿಗೆ ಹೋಗುವ ವಿದ್ಯಾರ್ಥಿಗಳಿಗೆ ರೈಲಿನಲ್ಲಿ ಇರುವ ಸೌಲಭ್ಯ ತುಂಬ ಮನೆಗಳಲ್ಲಿ ಗೊತ್ತಿಲ್ಲ. ಮನೆಯ ಸ್ಟೇಷನ್ನಿನಿಂದ ಶಾಲೆ ಅಥವಾ ಕಾಲೇಜಿನ ಸ್ಟೇಷನ್ನಿಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೇಟು ಹುಡುಗಿಯರಿಗೆ ಪದವಿವರೆಗೆ, ಹುಡುಗರಿಗೆ 12ನೇ ತರಗತಿವರೆಗೆ ಉಚಿತ. ಉಳಿದ ವಿದ್ಯಾರ್ಥಿಗಳಿಗೆ ಅರ್ಧ ದರ. ಸಾಮಾನ್ಯರಿಗೆ ತಿಂಗಳ ಸೀಸನ್ನಿನ ದರ ಸುಮಾರು 15 ಒಂಟಿ ಪ್ರಯಾಣದಷ್ಟು. ಸೀಸನ್ ಸಿಗುವುದು 150 ಕಿ.ಮೀ. ಒಳಗೆ, ಮಂಗಳೂರು ಕಾಸರಗೋಡು ಅದರ ಮೂರನೇ ಒಂದು ಭಾಗವೂ ಇಲ್ಲ. ರಾಜ್ಯದ ಗಡಿ ಇದಕ್ಕೆ ಲೆಕ್ಕವೇ ಅಲ್ಲ.

ಮಾಡಬೇಕಾದ್ದು ಇಷ್ಟೆ: ಕಾಲೇಜಿನಿಂದ ರಿಯಾಯಿತಿ ಪತ್ರಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಮಾಡಿಸಿ ಕೌಂಟರಿಗೆ ಕೊಡುವುದು. ಕೆಡುವುದು ಎಲ್ಲಿ? ಪತ್ರದಲ್ಲಿ ‘ಮಂಗಳೂರು’ ಎಂದು ಮಾತ್ರ ಬರೆಯುತ್ತಾರೆ. ಸೆಂಟ್ರಲ್ಲೋ ಜಂಕ್ಷನ್ನೋ ಬರೆಯಬೇಕು. ಇನ್ನೊಂದು, ಮನೆಯ ವಿಳಾಸಕ್ಕೂ ಬರೆದ ಸ್ಟೇಷನ್ನಿಗೂ ಹೊಂದಿಕೆ ಇಲ್ಲದಿದ್ದರೆ ಕೌಂಟರಿನಲ್ಲಿ ತಿರುಗಿಸಿ ಕಳುಹಿಸುತ್ತಾರೆ. ಸೀಸನ್ನಿನಲ್ಲಿ ಕಾಯ್ದಿರಿಸಿದ ಬೋಗಿಗೆ ಹತ್ತುವ ಹಾಗಿಲ್ಲ, ಸೂಪರ್‌ಫಾಸ್ಟಿಗೆ ಹೆಚ್ಚುವರಿ ಶುಲ್ಕ ಬೇಕು. ಎಕ್ಸ್‌ಪ್ರೆಸ್‌ಗಳಲ್ಲಿ ಹೆಚ್ಚಿನವು ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ನಿಲ್ಲುವುದಿಲ್ಲ. ಕಾಲೇಜು ಸೇರುವ ಮೊದಲೇ ಲೋಕಲ್ ಗಾಡಿಯ ಹೊತ್ತು ನೋಡಿ, ತರಗತಿಯ ಹೊತ್ತಿಗೆ ಹೊಂದುತ್ತದೋ ಇಲ್ಲವೋ ಲೆಕ್ಕ ಹಾಕಬೇಕು.

ರೈಲಿನಲ್ಲಿ ಕನ್ನಡ ಘೋಷಣೆ, ಫಲಕದ ಬಗ್ಗೆ ದೂರು ಇದ್ದರೆ ಬೆಂಗಳೂರಿಗೆ ಹುಬ್ಬಳ್ಳಿಗೆ ಬರೆದು ಫಲ ಇಲ್ಲ. ಮಂಗಳೂರು ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ. ಕಾಸರಗೋಡೂ ಅದೇ ವಿಭಾಗ. ಬರೆಯಬೇಕಾದ್ದು ಪಾಲಕ್ಕಾಡಿನ ವಿಭಾಗೀಯ ವ್ಯವಸ್ಥಾಪಕರಿಗೆ.

ಕುಡ್ಲದ ಕಡಲು:

ಬಸ್ಸಿನದ್ದೂ ಹೇಳಿ ಮಾರಾಯ್ರೆ. ಒಂದೇ ದಾರಿ, ಎರಡು ದರ ಯಾಕೆ?

ಸೀಸನ್ ಟಿಕೇಟು:

ಎರಡು ರಾಜ್ಯಗಳ ನಡುವಿನ ಬಸ್ಸು ಓಡುವುದು ಪರಸ್ಪರ ಒಪ್ಪಂದದ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಲ್ಲಿ ಅದರ ಕ್ರಮ ಉಂಟು: ಒಪ್ಪಂದದ ಕರಡನ್ನು ಎರಡೂ ಸರಕಾರಗಳು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಆಕ್ಷೇಪ ಕೇಳಬೇಕು. ಟ್ರಿಪ್ಪು ಹೆಚ್ಚಿಸಿ, ಒಳದಾರಿಗೆ ಬಸ್ಸು ಕೊಡಿ ಎಂದು ಕೇಳಬೇಕಾದದ್ದು ಆ ಹೊತ್ತಿನಲ್ಲಿ. ಡಿಪೋ ಮ್ಯಾನೇಜರರಲ್ಲಿ ಒಪ್ಪಂದಕ್ಕಿಂತ ಹೆಚ್ಚು ಟ್ರಿಪ್ಪು ಬೇಡಿದರೆ ಅವರ ಕೈಯಲ್ಲಿ ಇಲ್ಲ. ದರ ಆಯಾ ರಾಜ್ಯದ ಭಾಗಕ್ಕೆ ಆಯಾ ರಾಜ್ಯದ್ದು. ಕೇರಳದಲ್ಲಿ 2022ರ ಮೇ 1ರಿಂದ ಸಾಮಾನ್ಯ ಬಸ್ಸಿನ ಕನಿಷ್ಠ ದರ 10 ರೂಪಾಯಿ, ಆಮೇಲೆ ಕಿ.ಮೀ.ಗೆ 1 ರೂಪಾಯಿ ಎಂದು ಆಯಿತು.

ಒಂದು ಬೇಸರದ ಸಂಗತಿ. ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದು ಕರ್ನಾಟಕದೊಳಗಿನ ಪ್ರಯಾಣಕ್ಕೆ, ಕರ್ನಾಟಕದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ಮಂಜೇಶ್ವರದಲ್ಲಿ ಕನ್ನಡ ಶಾಲೆಯಲ್ಲೇ ಕಲಿತು ಮಂಗಳೂರಿನ ಹತ್ತಿರದ ದೇರಳಕಟ್ಟೆಗೆ ದಿನಾ ಹೋಗುವ ಹುಡುಗಿ ತಲಪಾಡಿ ದಾಟಿದ ಮೇಲೂ ಟಿಕೇಟು ತೆಗೆಯಬೇಕು. ಗಡಿನಾಡ ಕನ್ನಡಿಗರು ನಮ್ಮವರು ಎಂದು ಹೇಳುವ ಸರಕಾರಕ್ಕೆ ವಿದ್ಯಾರ್ಥಿನಿಯರ ಮಟ್ಟಿಗಾದರೂ ಇದನ್ನು ಸರಿಮಾಡಲು ಆಗಬೇಕು.

ಡಾಮರು:

ಸ್ವಂತ ವಾಹನದವರಿಗೂ ಒಂದು ಮಾತು. ಟೋಲ್‌ನಿಂದ 20 ಕಿ.ಮೀ. ಒಳಗೆ ಮನೆ ಇರುವ, ವಾಣಿಜ್ಯಕ್ಕಲ್ಲದ ವಾಹನಕ್ಕೆ ತಿಂಗಳ ಪಾಸು ಉಂಟು. ವಿಳಾಸದ ದಾಖಲೆ, ಆರ್‌ಸಿ ಬೇಕು. ಅದು ಆ ಒಂದು ಟೋಲಿಗೆ ಮಾತ್ರ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ 200 ಸಲ ದಾಟುವ ವಾರ್ಷಿಕ ಪಾಸು ಬಂತು. ತಿಂಗಳಿಗೆ ಐದಾರು ಸಲ ಮಾತ್ರ ಹೋಗುವವರು ಎರಡನ್ನೂ ಲೆಕ್ಕ ಹಾಕಿ ನೋಡಿಯೇ ತೆಗೆದುಕೊಳ್ಳಿ.

ಕುಂಬಳೆ ಆರಿಕ್ಕಾಡಿಯ ಟೋಲ್ ವಿರುದ್ಧ ಜನ ಬೀದಿಗೆ ಇಳಿದದ್ದೂ ಬರೀ ಹಣದ ಸಿಟ್ಟಿನಿಂದ ಅಲ್ಲ. 2008ರ ಶುಲ್ಕ ನಿಯಮದ ಪ್ರಕಾರ ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ 60 ಕಿ.ಮೀ. ಅಂತರ ಇರಬೇಕು, ಕಡಿಮೆ ಮಾಡಬೇಕಿದ್ದರೆ ಕಾರಣವನ್ನು ಬರೆದು ದಾಖಲಿಸಬೇಕು. ತಲಪಾಡಿಯಲ್ಲಿ ಒಂದು, ಕುಂಬಳೆಯಲ್ಲಿ ಒಂದು ಅಂದರೆ ಅಂತರ ಅದರ ಅರ್ಧವೂ ಇಲ್ಲ. ಈ ಪ್ರಶ್ನೆಯಲ್ಲಿ ಎಲ್ಲ ಭಾಷೆಯವರೂ ಎಲ್ಲ ಪಕ್ಷದವರೂ ಒಟ್ಟಿಗೆ ನಿಂತದ್ದನ್ನು ನೋಡಬೇಕು. ಬೋರ್ಡಿನ ಪ್ರಶ್ನೆಯಲ್ಲೂ ಹಾಗೆ ನಿಲ್ಲಲು ಆಗುತ್ತದೆ.

ಬದಿಯಡ್ಕ ಮಾಷ್ಟ್ರು:

ಶಾಲೆಯ ವಿಷಯ ನಾನು ಬರೆಯುತ್ತೇನೆ. ಕನ್ನಡ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಬೋರ್ಡಿನಲ್ಲಿ ಅಲ್ಲ, ಜೂನ್ ತಿಂಗಳ ಆರನೇ ಕೆಲಸದ ದಿನ.

ಕೇರಳದಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಎಂದು ಲೆಕ್ಕ ತೆಗೆಯುತ್ತಾರೆ. ಆ ವರ್ಷದ ಡಿವಿಷನ್ (ತರಗತಿಯ ವಿಭಾಗ), ಅಧ್ಯಾಪಕ ಹುದ್ದೆ ಎಲ್ಲ ಅದರ ಮೇಲೆ. ಕೆಳಗಿನ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಮೇಲಿನ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು. ಕನ್ನಡ ಮಾಧ್ಯಮದ ಡಿವಿಷನ್ನಿನಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೂ ಹುದ್ದೆ ಹೋಗಬಹುದು. ಒಮ್ಮೆ ಹೋದ ಹುದ್ದೆ ತಿರುಗಿ ಬರುವುದು ತುಂಬ ಕಷ್ಟ. ಮಗುವನ್ನು ಜುಲೈಯಲ್ಲಿ ಸೇರಿಸಿದರೆ ಆ ವರ್ಷದ ಲೆಕ್ಕಕ್ಕೆ ಅದು ಇಲ್ಲ. ಹಾಗಾಗಿ ಕನ್ನಡ ಮಾಧ್ಯಮಕ್ಕೆ ಸೇರಿಸಬೇಕೆಂದಿರುವವರು ಮೇ ತಿಂಗಳಲ್ಲೇ ಸೇರಿಸಿ, ಮೊದಲ ಆರು ದಿನ ಮಗುವನ್ನು ಯಾವ ಕಾರಣಕ್ಕೂ ರಜೆ ಹಾಕಿಸಬೇಡಿ.

ಭಾಷಾ ಅಲ್ಪಸಂಖ್ಯಾತರಿಗೆ ಇಡೀ ದೇಶಕ್ಕೆ ಒಪ್ಪಿದ ಲೆಕ್ಕ ಬೇರೆ ಒಂದು ಉಂಟು. ಪ್ರಾಥಮಿಕದಲ್ಲಿ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಆಗಬೇಕು. ಪ್ರೌಢ ಹಂತದಲ್ಲಿ ಕೊನೆಯ ನಾಲ್ಕು ತರಗತಿಗೆ ಒಟ್ಟು 60, ಪ್ರತಿ ತರಗತಿಗೆ 15. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಇರಬೇಕೆಂದು ಹೇಳುತ್ತದೆ, 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು. ಡಿವಿಷನ್ ತೆಗೆಯುವ ಆದೇಶಕ್ಕೆ ಆಕ್ಷೇಪ ಬರೆಯುವಾಗ ಈ ಸಂಖ್ಯೆಗಳನ್ನು ಕಾಣಿಸಿ. ‘ಕನ್ನಡಕ್ಕೆ ಅನ್ಯಾಯ’ ಎಂದು ಬರೆದ ಪತ್ರಕ್ಕೆ ಕಡತದಲ್ಲಿ ಜಾಗ ಇರುವುದಿಲ್ಲ, ‘ತರಗತಿಯಲ್ಲಿ 12 ಮಕ್ಕಳಿದ್ದಾರೆ, ಪಟ್ಟಿ ಲಗತ್ತಿಸಿದೆ’ ಎಂದರೆ ಅದಕ್ಕೆ ಉತ್ತರ ಬರೆಯಲೇ ಬೇಕಾಗುತ್ತದೆ.

ಅಧ್ಯಾಪಕರ ವಿಷಯ. ಕೇರಳ ಲೋಕಸೇವಾ ಆಯೋಗದ ಹುದ್ದೆಯ ಹೆಸರಿನಲ್ಲೇ ‘ಕನ್ನಡ ಮಾಧ್ಯಮ’ ಎಂದು ಇರುತ್ತದೆ. ಕನ್ನಡ ಗೊತ್ತಿಲ್ಲದವರು ಗಣಿತಕ್ಕೋ ಸಮಾಜಕ್ಕೋ ಬಂದರು ಎಂಬ ಜಗಳ ಪದೇ ಪದೇ ಆಗುವುದಕ್ಕೆ ಕಾರಣ, ಕನ್ನಡ ಜ್ಞಾನವನ್ನು ಪ್ರಮಾಣಪತ್ರದಲ್ಲಿ ನೋಡುತ್ತಾರೆ, ತರಗತಿಯಲ್ಲಿ ಕಲಿಸಿ ತೋರಿಸಬೇಕೆಂದಿಲ್ಲ. ಅರ್ಹರಾದ ಕನ್ನಡದವರು ಅರ್ಜಿ ಹಾಕದಿದ್ದರೆ ಪಟ್ಟಿ ಸಣ್ಣದಾಗುತ್ತದೆ, ಪಟ್ಟಿ ಮುಗಿದ ಮೇಲೆ ದಿನಗೂಲಿ ನೇಮಕ. ರ‍್ಯಾಂಕ್ ಪಟ್ಟಿಯ ಆಯುಷ್ಯವೂ ಹೆಚ್ಚೆಂದರೆ ಮೂರು ವರ್ಷ.

ಉಪ್ಪಳದ ಅಕ್ಕ:

ಮಾಷ್ಟ್ರೆ, ಲೋಕಸೇವಾ ಆಯೋಗದ ಅರ್ಜಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ‘ತುಳಸಿ’ ಪೋರ್ಟಲಿನಲ್ಲಿ ಒಮ್ಮೆ ನೋಂದಣಿ ಮಾಡಿ ಅರ್ಜಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಪರೀಕ್ಷೆಗೆ ಮೊದಲು ‘ಬರೆಯುತ್ತೇನೆ’ ಎಂದು ದೃಢೀಕರಣ ಕೊಡಬೇಕು, ಕೊಡದಿದ್ದರೆ ಅರ್ಜಿಯೇ ತಿರಸ್ಕೃತ. ಪ್ರಶ್ನೆಪತ್ರಿಕೆ ಮಲಯಾಳವೋ ತಮಿಳೋ ಕನ್ನಡವೋ ಎಂದು ಆರಿಸುವುದೂ ಆ ಹಂತದಲ್ಲಿ. ಅಕ್ಷಯ ಕೇಂದ್ರದಲ್ಲಿ (ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರ) ಬೇರೆಯವರ ಕೈಯಲ್ಲಿ ಮಾಡಿಸುವಾಗ ಅವರು ಮೊದಲಿಗೆ ಕಾಣುವ ಮಲಯಾಳವನ್ನೇ ಒತ್ತಿಬಿಡುತ್ತಾರೆ. ಪಕ್ಕದಲ್ಲಿ ಕೂತು ನೋಡಿ. ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಕ್ಲಾರ್ಕ್ ಎಂದು ಬೇರೆಯೇ ಹುದ್ದೆ ಕರೆಯುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳು ಮಲಯಾಳ ಓದಲು ಬರೆಯಲು ಕಲಿಯಲೇಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಕಚೇರಿಯಲ್ಲಿ ಕನ್ನಡ ಅರ್ಜಿ ಓದಬಲ್ಲ ಒಬ್ಬರು ಕೂತರೆ ಹತ್ತು ಹೋರಾಟಕ್ಕೆ ಸಮ.

ಕುಡ್ಲದ ಕಡಲು:

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸಿಗೆ ಸೇರುವವರು ಗಮನಿಸಿ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಂಡಿಕೆ ಉಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು, ಕೊಡವ ಯಾವುದಿದ್ದರೂ ಆಗುತ್ತದೆ. ಪರೀಕ್ಷಾ ಪ್ರಾಧಿಕಾರ ನಡೆಸುವ 50 ಅಂಕದ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಬೇಕು. ಸಿಇಟಿ ಚೆನ್ನಾಗಿ ಬರೆದು ಕನ್ನಡ ಪರೀಕ್ಷೆಯ ದಿನ ಮರೆತರೆ ಆ ಅರ್ಹತೆ ಹೋದಂತೆ. 2014ರಲ್ಲಿ ಮಂಜೇಶ್ವರ ಬೇರೆ ತಾಲೂಕು ಆದ ಕಾರಣ, ಹಳೆ ದಾಖಲೆಯಲ್ಲಿ ಕಾಸರಗೋಡು ತಾಲೂಕು, ಹೊಸದರಲ್ಲಿ ಮಂಜೇಶ್ವರ ಎಂದು ಇರುತ್ತದೆ. ವಾಸದ ಪ್ರಮಾಣಪತ್ರ ಹೊಸದಾಗಿಯೇ ತೆಗೆಯಿರಿ, ಇಂಗ್ಲಿಷಿನಲ್ಲಿ ಬೇಕು ಎಂದು ಮೊದಲೇ ಹೇಳಿ.

ಪದವಿನ ದಾರಿ:

ಕರ್ನಾಟಕದ ಮೇಲೆ ಅಷ್ಟು ಭರವಸೆ ಇಡಬಹುದಾ? 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿನಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು ಕರ್ನಾಟಕದ ಆಡಳಿತವೇ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಆಗ ನಾವು ಯಾರೂ ಗಡಿನಾಡ ಕನ್ನಡಿಗರಾಗಿ ಕಾಣಲಿಲ್ಲ.

ಗಡಿಕಲ್ಲು:

ಆ ನೋವು ಸುಳ್ಳಲ್ಲ. ಇರುವ ಅರ್ಹತೆಯನ್ನು ಅದಕ್ಕಾಗಿ ಬಿಡಬಾರದು ಎಂದಷ್ಟೇ ಹೇಳುತ್ತೇನೆ. ರಾಜಕೀಯ ಗೊತ್ತಿರುವವರು ಮತದಾನ, ಗ್ರಾಮಸಭೆಯ ಬಗ್ಗೆ ಬರೆಯಿರಿ.

ವಾರ್ಡು ಸಭೆ:

ಮಂಜೇಶ್ವರ ಕ್ಷೇತ್ರದಲ್ಲಿ ಒಂದೊಂದು ಮತಕ್ಕೂ ಬೆಲೆ ಎಷ್ಟೆಂದು ಎಲ್ಲ ಪಕ್ಷಕ್ಕೂ ಗೊತ್ತು. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಮತಗಳಿಂದ, 2021ರಲ್ಲಿ ಎ.ಕೆ.ಎಂ. ಅಶ್ರಫ್ 745ರಿಂದ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಹಿಂದೆ ಪ್ರಾಂತೀಕರಣದ, ಅಂದರೆ ಕಾಸರಗೋಡನ್ನು ಕನ್ನಡ ರಾಜ್ಯಕ್ಕೆ ಸೇರಿಸುವುದರ, ಪರವಾಗಿ ನಿಂತ ಮಹಾಬಲ ಭಂಡಾರಿಯವರು, ಆಮೇಲೆ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ, ಎ. ಸುಬ್ಬರಾವ್, ಹೀಗೆ ಬೇರೆ ಬೇರೆ ಪಕ್ಷದವರು ಇಲ್ಲಿಂದ ಹೋಗಿದ್ದಾರೆ. ಕನ್ನಡ ಒಂದು ಪಕ್ಷದ ಸೊತ್ತು ಅಲ್ಲ, ಹಾಗೆ ಮಾಡಿಕೊಂಡರೆ ಉಳಿದವರೆಲ್ಲ ಕೈ ಬಿಡುತ್ತಾರೆ.

ಸ್ಥಳೀಯ ಚುನಾವಣೆಯ ಮಟ್ಟಿಗೆ ಕರ್ನಾಟಕದ ಗ್ರಾಮ ಪಂಚಾಯತು ನೋಡಿದವರಿಗೆ ಇಲ್ಲಿಯದ್ದು ಬೇರೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಇಲ್ಲಿ ಉಂಟು. ಪಂಚಾಯತು ಪ್ರದೇಶದಲ್ಲಿ ಒಬ್ಬರು ಮೂರು ಮತ ಹಾಕಬೇಕು: ಗ್ರಾಮ ಪಂಚಾಯತಿಗೆ ಬಿಳಿ, ಬ್ಲಾಕ್ ಪಂಚಾಯತಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ತಿಳಿನೀಲಿ ಬಣ್ಣದ ಪಟ್ಟಿ. ನಗರಸಭೆಯಲ್ಲಿ ಒಂದೇ ಮತ. ನೋಟಾ ಇಲ್ಲ. ಮೂರರಲ್ಲಿ ಯಾವುದನ್ನಾದರೂ ಬಿಡಬೇಕಿದ್ದರೆ ಕೊನೆಗೆ ಯಂತ್ರದ ‘ಎಂಡ್’ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಯಂತ್ರ ಕಾಯುತ್ತಲೇ ಇರುತ್ತದೆ. ಪ್ರಾಯದವರಿಗೆ ಇದನ್ನು ಮೊದಲೇ ಹೇಳಿಕೊಡಿ. ಭಾಷಾ ಅಲ್ಪಸಂಖ್ಯಾತರಿರುವ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇರುತ್ತದೆ.

ಗೆದ್ದ ಮೇಲೆ ಸದಸ್ಯರನ್ನು ಹಿಡಿಯುವ ಜಾಗ ಗ್ರಾಮಸಭೆ. ಕೇರಳದಲ್ಲಿ ಪ್ರತಿ ವಾರ್ಡಿಗೆ ಒಂದು, ಮೂರು ತಿಂಗಳಿಗೊಮ್ಮೆ ಸೇರಬೇಕು, ವಾರ್ಡಿನ ಮತದಾರರ ನೂರಕ್ಕೆ 10 ಮಂದಿ ಇದ್ದರೆ ಕೋರಂ. ಆಗುವ ತಪ್ಪು ಏನೆಂದರೆ ಜನ ಭಾಷಣದಲ್ಲಿ ಕೇಳುತ್ತಾರೆ, ನಡಾವಳಿ ಪುಸ್ತಕದಲ್ಲಿ ಬರೆಸುವುದಿಲ್ಲ. ಬರೆದು ತಂದ ಒಂದು ವಾಕ್ಯದ ಠರಾವು ಕೊಡಿ, ಅನುಮೋದಕರ ಹೆಸರು ಹೇಳಿ, ನಡಾವಳಿಯಲ್ಲಿ ಬಂತೇ ಎಂದು ಸಭೆ ಮುಗಿಯುವ ಮೊದಲು ಓದಿಸಿ.

ಕಡತ ಸಂಖ್ಯೆ:

ಕಚೇರಿ ಪತ್ರದ ಬಗ್ಗೆ ಎರಡು ಕಾನೂನು ಬೇರೆ ಬೇರೆಯಾಗಿ ತಿಳಿದಿರಬೇಕು. ಸಂವಿಧಾನದ 350ನೇ ವಿಧಿಯಡಿ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಆದರೆ ಉತ್ತರ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. ಉತ್ತರವೂ ಕನ್ನಡದಲ್ಲಿ ಸಿಗಬೇಕು ಎನ್ನುವುದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಿಂದ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟು, ಇಲಾಖಾ ಮುಖ್ಯಸ್ಥರ ಕಚೇರಿ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು. ಬರೀ 350 ಎಂದು ಬರೆದು ಉತ್ತರ ಮಲಯಾಳದಲ್ಲಿ ಬಂದಾಗ ಸುಮ್ಮನಾಗುವವರು ಈ ವ್ಯತ್ಯಾಸ ಗಮನಿಸಿ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಕೋರ್ಟ್ ಫೀ ಸ್ಟಾಂಪು ಹಚ್ಚಿದರೂ ಆಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಮೇಲ್ಮನವಿಯ ದಿನ ದಾಟಿಸಿಯೇ ಹೆಚ್ಚಿನವರು ಸೋಲುವುದು. ಜಿಲ್ಲೆಯಲ್ಲಿ ಆಗದಿದ್ದರೆ 350ಬಿ ವಿಧಿಯಡಿ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು. ಅವರಿಗೆ ಆದೇಶಿಸುವ ಅಧಿಕಾರ ಇಲ್ಲ, ರಾಜ್ಯದಿಂದ ಉತ್ತರ ಕೇಳಿ ವರದಿಯಲ್ಲಿ ದಾಖಲಿಸುತ್ತಾರೆ. ಕೆಳಗಿನ ಕಚೇರಿಯ ಕಡತ ಸಂಖ್ಯೆ ಇಲ್ಲದೆ ಅಲ್ಲಿಗೆ ಹೋದ ಪತ್ರ ತಿರುಗಿ ಅದೇ ಕೆಳಗಿನ ಕಚೇರಿಗೆ ಬರುತ್ತದೆ.

ಮೊಗ್ರಾಲು ಕರೆ:

ಜನಗಣತಿಯ ಮಾತು ಯಾರೂ ಎತ್ತಲಿಲ್ಲ. ಗಣತಿಯ ದಿನ 2027ರ ಮಾರ್ಚ್ 1. ಮಾತೃಭಾಷೆಯ ಕಾಲಮಿನಲ್ಲಿ ತುಳುವರು ತುಳು ಎಂದೇ ಬರೆಸುತ್ತಾರೆ, ಅದು ಸತ್ಯವೂ ಹೌದು. ಬ್ಯಾರಿ ಹೇಳಿದ್ದನ್ನು ಮಲಯಾಳದ ಗುಂಪಿಗೆ ಸೇರಿಸಿ ಎಣಿಸುತ್ತಾರೆ. ಹಾಗಾಗಿ ಕನ್ನಡ ಓದುವ ಬರೆಯುವ ಎಷ್ಟೋ ಮಂದಿ ಕನ್ನಡದ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅದರ ಪಕ್ಕದಲ್ಲಿ ‘ತಿಳಿದಿರುವ ಇತರ ಭಾಷೆಗಳು’ ಎಂದು ಇನ್ನೊಂದು ಪ್ರಶ್ನೆ ಹಿಂದಿನ ಗಣತಿಗಳಲ್ಲಿತ್ತು, ಎರಡು ಭಾಷೆ ಹೇಳಬಹುದಿತ್ತು. ಗಣತಿದಾರರು ಅವಸರದಲ್ಲಿ ಅದನ್ನು ಕೇಳದೆ ಮುಂದೆ ಹೋಗುತ್ತಾರೆ. ಕೇಳದಿದ್ದರೂ ನೀವೇ ಹೇಳಿ ಬರೆಸಿ. ಮಾತೃಭಾಷೆಯನ್ನು ಸುಳ್ಳು ಹೇಳುವುದು ಬೇಡ.

ಉಪ್ಪಳದ ಅಕ್ಕ:

ಅಣ್ಣ ಹೇಳಿದ್ದು ತುಂಬ ಮುಖ್ಯ. ಗಡಿಕಲ್ಲಿನವರೆ, ಒಂದು ಅರ್ಜಿಯ ಮಾದರಿ ಹಾಕಿ ಕೊಡಿ, ಮಹಿಳಾ ಸಂಘಗಳ ಮೂಲಕ ಹಂಚಬಹುದು.

ಗಡಿಕಲ್ಲು:

ಎಲ್ಲರೂ ಬರೆದದ್ದನ್ನು ಕೂಡಿಸಿ ಪಂಚಾಯತಿಗೆ ಕೊಡುವ ಮಾದರಿ:

‘ಕಾರ್ಯದರ್ಶಿಯವರಿಗೆ, … ಗ್ರಾಮ ಪಂಚಾಯತು. ವಿಷಯ: ಬಸ್ ತಂಗುದಾಣ ಮತ್ತು ಪಂಚಾಯತು ರಸ್ತೆಗಳ ಫಲಕದಲ್ಲಿ ಕನ್ನಡ ಬರಹ. … ದಿನಾಂಕದ … ವಾರ್ಡಿನ ಗ್ರಾಮಸಭೆಯ … ನೇ ಠರಾವಿನ ಪ್ರಕಾರ, ಲಗತ್ತಿಸಿದ ಪಟ್ಟಿಯ … ಸ್ಥಳಗಳಲ್ಲಿ ಈಗಿರುವ ಬರಹದ ಜತೆ ಕನ್ನಡ ಹೆಸರನ್ನೂ ಬರೆಸಬೇಕು. ಶುದ್ಧ ಬರಹದ ಪಟ್ಟಿ, ಅಕ್ಷರದ ಚಿತ್ರ ಕಡತ, ಈಗಿನ ಫಲಕಗಳ ಫೋಟೋ ಲಗತ್ತಿಸಿದೆ. 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ.’

ಕೆಳಗೆ ಹೆಸರು, ವಾರ್ಡು, ಮನೆ ಸಂಖ್ಯೆ, ಸಹಿ. ಎರಡು ಪ್ರತಿ ತನ್ನಿ, ಒಂದರ ಮೇಲೆ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ಡಾಮರು:

‘ಈಗಿರುವ ಬರಹದ ಜತೆ’ ಎಂದಿರುವಲ್ಲಿ ‘ಮುಂದೆ ಫಲಕ ಬದಲಿಸುವಾಗ ಅಥವಾ ಬಣ್ಣ ಹೊಡೆಯುವಾಗ’ ಎಂದೂ ಸೇರಿಸಿ. ಹೊಸ ಫಲಕಕ್ಕೆ ಹಣ ಇಲ್ಲ ಎಂದು ತಳ್ಳಿಹಾಕಲು ಆಗ ಬರುವುದಿಲ್ಲ.